ಅಪ್ಪ ಕೈಹಾಕಿದ ವಿಮಾನ ಯಾಕೆ ಮುಂದೆ ಬರಲಿಲ್ಲ? ಪ್ರಯೋಗದಲ್ಲೇ ನಿಂತ ಯುದ್ಧವಿಮಾನಗಳ ಬಗ್ಗೆ ಗೊತ್ತಿದ್ದವರು ಹೇಳಿ

ಮಂಡಗದ್ದೆ ಮನೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದಿ.

ನಮ್ಮಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. 1967ರಲ್ಲಿ ಸೇರಿದ್ದು. ನಿವೃತ್ತಿ ಆದಮೇಲೆ ಊರಿಗೆ ಬಂದು ತೋಟ ನೋಡ್ಕೊಂಡಿದಾರೆ. ಮಗಳು ಸೆಕೆಂಡ್ ಪಿಯು. ಕಾಲೇಜಿನ ಸೆಮಿನಾರಿಗೆ "ಹಾರಿದರೂ ಸೇನೆಗೆ ಸೇರದ ಯುದ್ಧವಿಮಾನಗಳು" ಅಂತ ವಿಷಯ ತಗೊಂಡಿದಾಳೆ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಅಜ್ಜನನ್ನೇ ಕೇಳಿದಳು, "ಅಜ್ಜ, ಅಷ್ಟು ದುಡ್ಡು ಹಾಕಿ ಒಂದೋ ಎರಡೋ ಮಾಡಿ ಬಿಟ್ಟುಬಿಡ್ತಾರಲ್ಲ, ದಂಡ ಅಲ್ವಾ?" ಅಪ್ಪ ಏನೂ ಹೇಳ್ಲಿಲ್ಲ. ಮಜ್ಜಿಗೆ ಅನ್ನ ಉಂಡು ಕೈ ತೊಳೆದು ಜಗಲಿಗೆ ಹೋದರು. ಎಲೆಗೆ ಸುಣ್ಣ ಹಚ್ಚುತ್ತಾ ಒಂದೇ ಮಾತು ಹೇಳಿದ್ದು: "ನಾ ಕೈಹಾಕಿದ್ದ ಒಂದು ವಿಮಾನ ಹಾರಿದ್ದು ವಾಪಸ್ ಬರ್ಲಿಲ್ಲ. ದಂಡ ಅಂತ ಹೇಳೋಕೆ ನಂಗೆ ಬಾಯಿ ಬರಲ್ಲ."

1970ರ ಜನವರಿ, ಮಾರುತ್ ವಿಮಾನ ಅನ್ನೋದು ಬಿಟ್ಟರೆ ಬೇರೇನೂ ಬಾಯಿಬಿಡ್ತಿಲ್ಲ. ಯಾವ ವಿಮಾನ ಅದು? ಇಂಥವು ಬೇರೆ ಯಾವ್ಯಾವು, ಯಾಕೆ ನಿಂತವು? ಮಗಳಿಗೂ ಬೇಕು, ನನಗೂ ಬೇಕು.

ವಿಮಾನಪುರ ಟು ಹೊಸನಗರ
ನಿಮ್ಮಪ್ಪ ಹೇಳಿದ್ದು ಮಾರುತ್ ಮಾರ್ಕ್ 1ಆರ್. ಬೇರೆ ಇರೋಕೆ ಸಾಧ್ಯವೇ ಇಲ್ಲ. 1970ರ ಜನವರಿ 10. ಒಳಗಿದ್ದವರು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್. 1961ರ ಜೂನ್ 17ರಂದು ಮಾರುತ್ ಮೊದಲ ಸಲ ನೆಲಬಿಟ್ಟಾಗ ಹಾರಿಸಿದ್ದೂ ಅವರೇ.

ಕಥೆ ಹೀಗೆ. ಎಚ್‌ಎಫ್-24 ಮಾರುತ್ ವಿನ್ಯಾಸ ಜರ್ಮನಿಯ ಕುರ್ಟ್ ಟ್ಯಾಂಕ್ ಅವರದು. ಎರಡನೇ ಮಹಾಯುದ್ಧದ ಫೋಕೆ-ವುಲ್ಫ್ 190 ಮಾಡಿದ ಮನುಷ್ಯ. ಶಬ್ದಕ್ಕಿಂತ ವೇಗವಾಗಿ ಹೋಗಲಿ ಅಂತಲೇ ಮೈಯ ಆಕಾರ ತೆಗೆದಿದ್ದು. ಆದರೆ ಆ ಮೈಗೆ ತಕ್ಕ ಎಂಜಿನ್ ಬರಲೇ ಇಲ್ಲ. ಬ್ರಿಟನ್ನಿನ ಆರ್ಫಿಯಸ್ 12 ಸಿಗ್ತದೆ ಅಂದುಕೊಂಡಿದ್ದರು, ಅದು ಕೈತಪ್ಪಿತು. ಕೊನೆಗೆ ಚಿಕ್ಕ ನ್ಯಾಟ್ ವಿಮಾನಕ್ಕೆ ಹಾಕುತ್ತಿದ್ದ ಆರ್ಫಿಯಸ್ ಜಾತಿಯದ್ದನ್ನೇ, 703 ಅಂತ, ಎರಡೆರಡು ಕೂರಿಸಿದರು. ಒಂದೊಂದರ ನೂಕುಬಲ ಸುಮಾರು 2200 ಕಿಲೋ. ಸಾಲದು. ಅದಕ್ಕೇ ಎಂಜಿನ್ನಿನ ಬಾಲದಲ್ಲಿ ಮತ್ತೊಮ್ಮೆ ಇಂಧನ ಸುಟ್ಟು ಬಲ ಹೆಚ್ಚಿಸೋಣ ಅಂತ ಹೊರಟದ್ದು 1ಆರ್. ಆಫ್ಟರ್‌ಬರ್ನರ್ ಅಂತಾರಲ್ಲ, ಅದು. ಬೆಂಗಳೂರಿನ ನಮ್ಮ ಜೆಟ್ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ಅವರೇ ತಯಾರಿಸಿದ್ದರು. ಆ ದಿನ ವಿಮಾನ ಮೇಲೇರುವ ಹಂತದಲ್ಲೇ ಬಿತ್ತು, ದಾಸ್ ಉಳಿಯಲಿಲ್ಲ. 1ಆರ್ ಅಲ್ಲಿಗೆ ನಿಂತ ಹಾಗೇ ಆಯ್ತು.

ಬೆಂಗಳೂರಲ್ಲಿ ಸುರಂಜನ್ ದಾಸ್ ರಸ್ತೆ ಅಂತ ಇದೆ. ನಾನು ಆರು ವರ್ಷ ಅದೇ ರಸ್ತೆಯಲ್ಲಿ ದಿನಾ ಓಡಾಡಿದೀನಿ. ಯಾರ ಹೆಸರು ಅಂತ ನನಗೆ ಹೇಳಿದ್ದು ಅಲ್ಲಿ ಟೀ ಅಂಗಡಿ ಇಟ್ಟಿದ್ದ ತೀರ್ಥಹಳ್ಳಿ ಕಡೆಯ ಹಿರಿಯರು.

ತುಂಗಾತೀರ
ಮಾರುತ್ ಇಡೀ ಪ್ರಾಜೆಕ್ಟೇ ಫೇಲ್ ಅಲ್ವಾ? ಉತ್ಪಾದನೆಗೇ ಹೋಗ್ಲಿಲ್ಲ ಅಂತ ಓದಿದ ನೆನಪು.

ವಿಮಾನಪುರ ಟು ಹೊಸನಗರ
ತಪ್ಪು. 147 ಮಾರುತ್ ಆಗಿವೆ, ಅದರಲ್ಲಿ ಹದಿನೆಂಟು ಇಬ್ಬರು ಕೂರುವ ತರಬೇತಿ ವಿಮಾನ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿವೆ. ಉತ್ಪಾದನೆಗೆ ಹೋಗದೆ ನಿಂತದ್ದು ಅದರ ಮುಂದಿನ ರೂಪಗಳು. 1ಆರ್ ಒಂದು. ಆಮೇಲೆ ಜರ್ಮನಿಯವರ ಜತೆ ಸೇರಿ ಆರ್‌ಬಿ 199 ಎಂಜಿನ್ ಹಾಕಿ ಎಚ್‌ಎಫ್-73 ಮಾಡೋಣ ಅಂತಿತ್ತು, ಅದು ಕಾಗದ ಬಿಟ್ಟು ಮೇಲೇಳಲಿಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ತುಂಗಾತೀರ
ಸರಿ, ಒಪ್ಪಿದೆ. 147 ಅಂತ ಗೊತ್ತಿರ್ಲಿಲ್ಲ.

ಗಾಜನೂರು ಗದ್ದೆ
ಮಗು ಕೇಳಿದ ಪ್ರಶ್ನೆಯೇ ಸರಿ ಇದೆ. ದಂಡವೇ. ನಮ್ಮೂರಿಂದ ಆಸ್ಪತ್ರೆಗೆ ಹೋಗೋ ಕಾಲುಸಂಕ ಮೂರು ಮಳೆಗಾಲದಿಂದ ಹಾಗೇ ಇದೆ. ಅಂಥ ದೇಶದಲ್ಲಿ ಹಾರಿಸಿ ನೋಡಿ ಮೂಲೆಗೆ ಹಾಕೋ ವಿಮಾನಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ಕೇಳೋದು ತಪ್ಪಾ? ತಯಾರಾಗಿ ಪರೀಕ್ಷೆ ಆಗಿರೋದನ್ನ ಕೊಂಡುಕೊಂಡರೆ ಮುಗೀತು.

ಭದ್ರಾವತಿ ಕುಲುಮೆ
ಗದ್ದೆಯವರೇ, ನಿಮ್ಮ ಸಂಕದ ಸಿಟ್ಟು ನ್ಯಾಯವಾದದ್ದು, ಅದಕ್ಕೆ ನಾನೂ ದನಿಗೂಡಿಸ್ತೀನಿ. ಆದರೆ ಎರಡನೇ ಮಾತು ಒಪ್ಪಲ್ಲ. ಇಪ್ಪತ್ತೆಂಟು ವರ್ಷ ಎರಕದ ಕೆಲಸ ಮಾಡಿದೀನಿ. ಹೊಸ ಅಚ್ಚಿಗೆ ಮೊದಲು ಹೊಯ್ದ ಲೋಹ ಸರಿ ಬಂದದ್ದನ್ನ ಕಂಡಿದ್ದು ಕಮ್ಮಿ. ಒಳಗೆ ಗುಳ್ಳೆ ಇರ್ತದೆ, ಎಲ್ಲೋ ಬಿರುಕು. ಒಡೆದು ನೋಡ್ತೀವಿ, ಮತ್ತೆ ಕುಲುಮೆಗೆ ಹಾಕ್ತೀವಿ. ಆ ಮೊದಲನೇದು ದಂಡ ಅಂದರೆ ಎರಡನೇದು ಬರೋದು ಹೇಗೆ?

ಅಮೆರಿಕದ ಹ್ಯಾವ್ ಬ್ಲೂ ನೋಡಿ. ರೇಡಾರಿಗೆ ಕಾಣದ ವಿಮಾನ ಮಾಡಬಹುದಾ ಅಂತ ತಿಳಿಯೋಕೆ ಎರಡು ಮಾಡಿದರು. ಮೊದಲನೇದು 1977ರ ಡಿಸೆಂಬರಲ್ಲಿ ಹಾರಿತು. ಎರಡೂ ಬಿದ್ದು ಹಾಳಾದವು. ಎರಡಕ್ಕೆ ಎರಡೂ! ಆದರೆ ಅದರಲ್ಲಿ ಕಲಿತದ್ದರಿಂದಲೇ ರೇಡಾರಿಗೆ ಸುಲಭಕ್ಕೆ ಸಿಗದ ಎಫ್-117 ಯುದ್ಧವಿಮಾನ ಬಂದದ್ದು.

ಗಾಜನೂರು ಗದ್ದೆ
ಅಚ್ಚಿನ ಮಾತು ಅರ್ಥ ಆಯ್ತು. ಆದರೆ ಹ್ಯಾವ್ ಬ್ಲೂ ಆದಮೇಲೆ ಎಫ್-117 ಬಂತು. ನಮ್ಮ 1ಆರ್ ಆದಮೇಲೆ ಏನು ಬಂತು? ಅದನ್ನ ಹೇಳಿ.

ಮೇಷ್ಟ್ರು ಕೋಣಂದೂರು
ಆ ಪ್ರಶ್ನೆ ಹಾಗೇ ಇಟ್ಟಿರಿ, ತೂಕದ ಪ್ರಶ್ನೆ. ಮೊದಲು ಸೆಮಿನಾರಿಗೆ ಬೇಕಾದದ್ದನ್ನು ಹೇಳಿಬಿಡ್ತೇನೆ. ಮಗು, ಹೆಸರು ಪಟ್ಟಿ ಮಾಡಿ ಓದಬೇಡ. ಯಾಕೆ ನಿಂತಿತು ಅನ್ನುವುದರ ಮೇಲೆ ಹೇಳು, ಕೂತವರು ಕೇಳ್ತಾರೆ.

ಕಾಲ ಬದಲಾಗಿ ನಿಂತದ್ದಕ್ಕೆ ಅಮೆರಿಕದ ಎಕ್ಸ್‌ಬಿ-70 ವಾಲ್ಕಿರಿ. ಆರು ಎಂಜಿನ್, ಬಿಳಿ ಬಣ್ಣ, ಕೊಕ್ಕರೆ ಹಾಗೆ ಉದ್ದ ಕತ್ತು. ಅತಿ ವೇಗದಲ್ಲಿ ಹೋಗುವಾಗ ರೆಕ್ಕೆಯ ತುದಿಗಳು ಕೆಳಕ್ಕೆ ಮಡಚಿಕೊಳ್ಳುತ್ತಿದ್ದವು. 1964ರ ಸೆಪ್ಟೆಂಬರ್ 21ಕ್ಕೆ ಮೊದಲ ಹಾರಾಟ, ಮರುವರ್ಷ ಶಬ್ದದ ಮೂರು ಪಟ್ಟು ವೇಗ ಮುಟ್ಟಿತು. ಬಾಂಬರ್ ಅಷ್ಟು ಎತ್ತರದಲ್ಲಿ ಅಷ್ಟು ವೇಗವಾಗಿ ಹೋದರೆ ಯಾರೂ ಹೊಡೆಯಲಾರರು ಅನ್ನುವುದು ಲೆಕ್ಕಾಚಾರ. ಆದರೆ 1960ರ ಮೇ 1ರಂದೇ ಸೋವಿಯತ್ ಕ್ಷಿಪಣಿ ಅಮೆರಿಕದ ಯು-2 ಬೇಹುಗಾರಿಕೆ ವಿಮಾನವನ್ನು ಬಹು ಎತ್ತರದಲ್ಲಿ ಹೊಡೆದುರುಳಿಸಿತ್ತು. ಖಂಡಾಂತರ ಕ್ಷಿಪಣಿಗಳೂ ಬಂದಿದ್ದವು. ಹಾಗಾಗಿ ಎರಡೇ ಮಾಡಿ ಸಂಶೋಧನೆಗೆ ಬಿಟ್ಟರು. 1966ರ ಜೂನ್ 8ರಂದು ಎಂಜಿನ್ ಕಂಪನಿಗೆ ಫೋಟೋ ಬೇಕು ಅಂತ ಬೇರೆ ವಿಮಾನಗಳ ಜತೆ ಸಾಲುಗಟ್ಟಿ ಹಾರುವಾಗ ಒಂದು ಎಫ್-104 ಬಂದು ತಾಗಿತು. ಇಬ್ಬರು ಪೈಲಟ್‌ಗಳು ಸತ್ತರು. ಉಳಿದದ್ದು ಈಗ ಡೇಟನ್ ಮ್ಯೂಸಿಯಮ್ಮಿನಲ್ಲಿದೆ.

ದುಡ್ಡು ಮತ್ತು ಸರ್ಕಾರ ಬದಲಾಗಿ ನಿಂತದ್ದಕ್ಕೆ ಬ್ರಿಟನ್ನಿನ ಟಿಎಸ್‌ಆರ್-2 ಬಾಂಬರ್. ಹಾರಿದ್ದು ಒಂದೇ ವಿಮಾನ, 24 ಸಲ. 1965ರ ಏಪ್ರಿಲ್ 6ರಂದು ಬಜೆಟ್ ಭಾಷಣದಲ್ಲಿ ರದ್ದು ಅಂತ ಹೇಳಿಬಿಟ್ಟರು.

ಒಂದೇ ಮತದಲ್ಲಿ ನಿಂತದ್ದಕ್ಕೆ ಇಸ್ರೇಲಿನ ಲಾವಿ. 1986ರ ಕೊನೆಯ ದಿನ ಹಾರಿತು. ಮರುವರ್ಷ ಆಗಸ್ಟ್ 30ಕ್ಕೆ ಸಚಿವ ಸಂಪುಟದಲ್ಲಿ ಮತ ಹಾಕಿದರು, ನಿಲ್ಲಿಸಿ ಅಂತ 12, ಬೇಡ ಅಂತ 11. ಅಷ್ಟೇ.

ಕೊಡಚಾದ್ರಿ ಹುಡುಗ
ಮೇಷ್ಟ್ರೇ, ಕೆನಡಾದ ಆರೋ ಬಿಟ್ಟಿರಿ! ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಅದು. ಆವ್ರೊ ಆರೋ ಸಿಎಫ್-105, ಹಾರಿದ್ದು 1958ರ ಮಾರ್ಚ್ 25, ರದ್ದಾದದ್ದು 1959ರ ಫೆಬ್ರವರಿ 20. ಒಂದು ವರ್ಷವೂ ತುಂಬಿರ್ಲಿಲ್ಲ. ಆ ದಿನಕ್ಕೆ ಅಲ್ಲಿಯ ಜನ ಕಪ್ಪು ಶುಕ್ರವಾರ ಅಂತಾರೆ. ಹಾರಿದ್ದ ಐದನ್ನೂ ಕತ್ತರಿಸಿ ಗುಜರಿಗೆ ಹಾಕಿದರು. ನೆನಪಿಗೆ ಅಂತ ಒಂದನ್ನೂ ಇಡಲಿಲ್ಲ. ಮುಂಚೆ ಅದರ ಚಿಕ್ಕ ಮಾದರಿಗಳನ್ನ ರಾಕೆಟ್ಟಿಗೆ ಕಟ್ಟಿ ಒಂಟಾರಿಯೋ ಸರೋವರದ ಮೇಲೆ ಹಾರಿಸಿ ಪರೀಕ್ಷೆ ಮಾಡಿದ್ದರು. ಅರುವತ್ತು ವರ್ಷದ ಮೇಲೆ, 2018ರಲ್ಲಿ, ಅಂಥದೊಂದು ಮಾದರಿಯನ್ನ ಸರೋವರದ ತಳದಿಂದ ಮೇಲೆತ್ತಿದರು.

ಶರಾವತಿ ಮುಳುಗಡೆ
ಓದಿ ಮೈ ಜುಮ್ ಅಂತು. ನಮ್ಮ ಲಿಂಗನಮಕ್ಕಿ ಹಿನ್ನೀರಲ್ಲಿ ಹಿರೇಭಾಸ್ಕರ ಅಣೆಕಟ್ಟು ಮುಳುಗಿ ಕೂತಿಲ್ವಾ? ಬೇಸಿಗೆಯಲ್ಲಿ ನೀರು ಇಳಿದರೆ ಮಡೆನೂರಲ್ಲಿ ಈಗಲೂ ಅದರ ಗೋಡೆ ಮೇಲೆದ್ದು ಕಾಣ್ತದೆ. ನಮ್ಮಜ್ಜನ ಮನೆ ಜಾಗವೂ ಅಲ್ಲೇ ಕೆಳಗೆ. ಪ್ರತಿ ಮೇ ತಿಂಗಳು ನೋಡೋಕೆ ಹೋಗ್ತೇವೆ.

ಕೊಡಚಾದ್ರಿ ಹುಡುಗ
ಈ ವರ್ಷ ಕಂಡಿತ್ತಾ?

ಶರಾವತಿ ಮುಳುಗಡೆ
ತುದಿ ಮಾತ್ರ. ಮನೆ ಜಾಗ ಕಾಣ್ಲಿಲ್ಲ.

ಮೇಷ್ಟ್ರು ಕೋಣಂದೂರು
ಆರೋ ಬಗ್ಗೆ ಇನ್ನೊಂದು. ವಿಮಾನ ಗುಜರಿಗೆ ಹೋಯ್ತು, ಮಾಡಿದವರು ಹೋಗಲಿಲ್ಲ. ಮೂವತ್ತಕ್ಕೂ ಹೆಚ್ಚು ಎಂಜಿನಿಯರುಗಳನ್ನ ಅಮೆರಿಕದ ನಾಸಾ ಕರೆಸಿಕೊಂಡಿತು. ಜಿಮ್ ಚೇಂಬರ್ಲಿನ್ ಅನ್ನುವವರು ಜೆಮಿನಿ ನೌಕೆಯ ಕೆಲಸದ ಮುಂದಾಳಾದರು. ಕೆನಡಾಕ್ಕೆ ನಷ್ಟ, ಚಂದ್ರನ ದಾರಿಗೆ ಲಾಭ. ಗದ್ದೆಯವರು ಕೇಳಿದ "ಆಮೇಲೆ ಏನು ಬಂತು" ಅನ್ನುವುದಕ್ಕೆ ಇದು ಅರ್ಧ ಉತ್ತರ.

ಅಂಚೆ ಚೀಟಿ ಸಾಗರ
ಭಾರತದ್ದೇ ಕಥೆಗೆ ಬಾಲ ಒಂದಿದೆ, ಈಜಿಪ್ಟಲ್ಲಿ. ಅಲ್ಲಿಯವರೂ ಅದೇ ಕಾಲಕ್ಕೆ ಎಚ್‌ಎ-300 ಅಂತ ಪುಟ್ಟ ಯುದ್ಧವಿಮಾನ ಮಾಡ್ತಿದ್ದರು. ವಿನ್ಯಾಸ ವಿಲ್ಲಿ ಮೆಸ್ಸರ್‌ಸ್ಮಿಟ್ ಅವರದು. ಎಂಜಿನ್ನಿಗೆ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್. ನಮ್ಮ ಹತ್ರ ಮೈ ಇದೆ, ಎಂಜಿನ್ ಇಲ್ಲ. ಅವರ ಹತ್ರ ಎಂಜಿನ್ ತಯಾರಾಗ್ತಿದೆ. ಸರಿ, ಬ್ರಾಂಡ್ನರ್ ಅವರ ಇ-300 ಎಂಜಿನ್ ಮಾರುತ್‌ಗೂ ಆಗಲಿ ಅಂತ ಮಾತಾಯ್ತು. ಪರೀಕ್ಷೆಗೆ ಒಂದು ಮಾರುತ್ತನ್ನೇ ಈಜಿಪ್ಟಿಗೆ ಕಳಿಸಿದರು. ಎಚ್‌ಎ-300 ಮೊದಲ ಸಲ ಹಾರಿಸಿದ್ದು ಯಾರು ಗೊತ್ತಾ? ನಮ್ಮ ವಾಯುಪಡೆಯ ಕಪಿಲ್ ಭಾರ್ಗವ, 1964ರ ಮಾರ್ಚ್ 7. ಈಜಿಪ್ಟಿನ ವಿಮಾನ, ಜರ್ಮನ್ ವಿನ್ಯಾಸ, ಭಾರತದ ಪೈಲಟ್!

1967ರ ಯುದ್ಧದಲ್ಲಿ ಈಜಿಪ್ಟ್ ಸೋತು ಸುಣ್ಣವಾಯ್ತು. 1969ರಲ್ಲಿ ಯೋಜನೆ ಮುಚ್ಚಿತು. ನಮ್ಮ ಎಂಜಿನ್ನಿನ ಆಸೆಯೂ ಅದರ ಜತೆ ಹೋಯ್ತು. ಆ ಎಚ್‌ಎ-300 ಈಗ ಜರ್ಮನಿಯ ಮ್ಯೂನಿಕ್ ಹತ್ತಿರದ ಮ್ಯೂಸಿಯಮ್ಮಿನಲ್ಲಿದೆ.

ಮಂಡಗದ್ದೆ ಮನೆ
ಇದು ಗೊತ್ತೇ ಇರ್ಲಿಲ್ಲ! ಮಗಳು ಪಕ್ಕದಲ್ಲೇ ಕೂತು ಬರ್ಕೊಳ್ತಿದಾಳೆ. "ವಿಚಿತ್ರ ಆಕಾರದ್ದು ಯಾವುದಾದರೂ ಇದೆಯಾ ಕೇಳಿ" ಅಂತಿದಾಳೆ.

ಕೊಡಚಾದ್ರಿ ಹುಡುಗ
ಇದೆ ಇದೆ. ಎಕ್ಸ್‌ಎಫ್-85 ಗಾಬ್ಲಿನ್. ಕೋಳಿಮೊಟ್ಟೆಗೆ ರೆಕ್ಕೆ ಅಂಟಿಸಿದ ಹಾಗೆ. ದೊಡ್ಡ ಬಾಂಬರಿನ ಹೊಟ್ಟೆಯೊಳಗೆ ಮರಿ ವಿಮಾನ. ವೈರಿ ಬಂದರೆ ಹೊರಗೆ ಇಳಿದು ಕಾದಾಡಿ ಮತ್ತೆ ಕೊಕ್ಕೆಗೆ ಸಿಕ್ಕಿಸಿಕೊಂಡು ಒಳಗೆ ಹೋಗಬೇಕು. ಚಕ್ರವೇ ಇಲ್ಲ. 1948ರ ಆಗಸ್ಟಲ್ಲಿ ಮೊದಲ ಸಲ ಬಿಟ್ಟರು. ದೊಡ್ಡ ವಿಮಾನದ ಕೆಳಗಿನ ಗಾಳಿಯ ಸೆಳೆತಕ್ಕೆ ಕೊಕ್ಕೆ ಸಿಗಲೇ ಇಲ್ಲ, ತೂಗುಪಟ್ಟಿ ಬಡಿದು ಮುಚ್ಚಳದ ಗಾಜು ಒಡೀತು. ಪೈಲಟ್ ಒಣಕೆರೆಯ ಮೇಲೆ ಹೊಟ್ಟೆ ತೆವಳಿಸಿ ಇಳಿಸಿದ. ಎರಡೇ ಮಾಡಿದ್ದು.

ಪೋಗೊ ಅಂತ ಇನ್ನೊಂದು, 1954ರದ್ದು. ಬಾಲದ ಮೇಲೆ ನೆಟ್ಟಗೆ ನಿಲ್ತದೆ, ನೆಟ್ಟಗೇ ಮೇಲೇಳ್ತದೆ. ಇಳಿಸುವಾಗ ಪೈಲಟ್ ಮಲಗಿದ ಭಂಗಿಯಲ್ಲಿ ಹೆಗಲ ಮೇಲಿಂದ ಹಿಂದಕ್ಕೆ ನೋಡ್ತಾ ಇಳಿಸಬೇಕು. ಅಂಥ ಪೈಲಟ್‌ಗಳು ಎಷ್ಟು ಜನ ಸಿಗ್ತಾರೆ? ಅದಕ್ಕೇ ನಿಂತಿತು.

ನಗರ ಪೇಟೆ
ಎಕ್ಸ್‌ಎಫ್-84ಎಚ್ ಸೇರಿಸಿ. ಅದರ ಪ್ರೊಪೆಲ್ಲರಿನ ತುದಿ ಶಬ್ದದ ವೇಗ ಮೀರಿ ತಿರುಗ್ತಿತ್ತು, ನಿಂತಲ್ಲೇ ಎಡೆಬಿಡದೆ ಸಿಡಿಲು ಬಡಿದ ಹಾಗೆ ಸದ್ದು. ನೆಲದ ಮೇಲೆ ಕೆಲಸ ಮಾಡೋರಿಗೆ ವಾಂತಿ ಬರ್ತಿತ್ತಂತೆ. ಹನ್ನೆರಡು ಸಲ ಹಾರಿಸಿ ಬಿಟ್ಟರು.

ಹಿರಿಯೂರು ಬೀಗರು
ದೂರದ ದೇಶ ಯಾಕೆ, ನಮ್ಮ ಪಕ್ಕದ ಚಿತ್ರದುರ್ಗಕ್ಕೆ ಬನ್ನಿ. ಚಳ್ಳಕೆರೆ ಹತ್ತಿರ ಡಿಆರ್‌ಡಿಒ ಪರೀಕ್ಷಾ ನೆಲೆ ಇದೆ. ಅಲ್ಲೇ 2016ರ ನವೆಂಬರಲ್ಲಿ ರುಸ್ತುಂ-2 ಮೊದಲು ಹಾರಿದ್ದು, ಆಮೇಲೆ ತಪಸ್ ಅಂತ ಹೆಸರಿಟ್ಟರು. ಮನುಷ್ಯ ಇಲ್ಲದ ವಿಮಾನ. 2019ರ ಸೆಪ್ಟೆಂಬರಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ರ ಒಂದು ಬಿತ್ತು. 2023ರ ಆಗಸ್ಟಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ರ ಹೊಲದಲ್ಲಿ ಇನ್ನೊಂದು. ನಮ್ಮ ಭಾವ ಹೋಗಿ ನೋಡಿ ಬಂದರು. ಮಕ್ಕಳೆಲ್ಲ ಶಾಲೆ ಬಿಟ್ಟಷ್ಟು ಜನ ಸೇರಿದ್ದರಂತೆ. ಬೇಕಾದಷ್ಟು ಎತ್ತರದಲ್ಲಿ ಬೇಕಾದಷ್ಟು ಹೊತ್ತು ನಿಲ್ಲಲಿಲ್ಲ ಅಂತ ಮರುವರ್ಷ ಅದನ್ನ ಪ್ರಮುಖ ಯೋಜನೆಗಳ ಸಾಲಿಂದ ಕೈಬಿಟ್ಟರು.

ಅಡಿಕೆ ಮಂಡಿ
ಡ್ರೋನ್ ಅಂದ ತಕ್ಷಣ ನೆನಪಾಯ್ತು. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯೋಕೆ ಡ್ರೋನ್ ತರಿಸಿದವರು ಇದಾರಾ ಇಲ್ಲಿ? ಕೊನೆಗಾರರು ಸಿಗದೆ ಸಾಕಾಗಿದೆ.

ಮಂಡಗದ್ದೆ ಮನೆ
ತರಿಸಿದ್ವಿ, ಬಾಡಿಗೆಗೆ. ಸೋಗೆ ಮೇಲೆ ಚೆನ್ನಾಗಿ ಬೀಳ್ತದೆ. ಅಡಿಕೆ ಗೊನೆ ಇರೋದು ಸೋಗೆಯ ಕೆಳಗೆ, ಅಲ್ಲಿಗೆ ತಲುಪೋದು ಕಷ್ಟ. ದೋಟಿಯಲ್ಲಿ ಹೊಡೆಸಿದ ಸಾಲಿಗೂ ಡ್ರೋನ್ ಹೊಡೆದ ಸಾಲಿಗೂ ವ್ಯತ್ಯಾಸ ಕಣ್ಣಿಗೆ ಕಂಡಿತು.

ಅಡಿಕೆ ಮಂಡಿ
ಹಾಗಾದರೆ ಇನ್ನೂ ಎರಡು ವರ್ಷ ಕಾಯ್ತೀನಿ. ಮೊದಲು ತಗೊಂಡವರ ತೋಟ ನೋಡಿಯೇ ನಾವು ಕಲಿಯಬೇಕು.

ಭದ್ರಾವತಿ ಕುಲುಮೆ
ಮಂಡಿಯವರೇ, ನೀವು ಈಗ ಹೇಳಿದ್ದೇ ನಾನು ಮೇಲೆ ಹೇಳಿದ್ದು. ಯಾರೋ ಒಬ್ಬರು ಮೊದಲು ಕೈ ಸುಟ್ಟುಕೊಳ್ಳಬೇಕು.

ವರದಾಮೂಲ
ನನ್ನ ಅನುಭವ ಹೇಳ್ತೀನಿ. ಹದಿನೈದು ವರ್ಷದ ಹಿಂದೆ ಹಸಿ ಅಡಿಕೆ ಸುಲಿಯೋ ಯಂತ್ರ ನಾನೇ ಮಾಡಿದ್ದೆ. ಹಳೇ ಪಂಪಿನ ಮೋಟಾರು, ರಬ್ಬರ್ ಪಟ್ಟಿ, ಸೈಕಲ್ ಚೈನು. ಮೂರು ತಿಂಗಳು ಕೊಟ್ಟಿಗೆ ಬಿಟ್ಟು ಹೊರಗೆ ಬಂದಿಲ್ಲ. ಸುಲೀತಿತ್ತು, ಆದರೆ ಗೋಟಿಗೂ ಹಸಿಗೂ ಒಂದೇ ಒತ್ತಡ, ಎಳೇದು ಜಜ್ಜಿ ಹೋಗ್ತಿತ್ತು. ಒಬ್ಬರು ವರ್ತಕರು ಬಂದು ನೋಡಿ ಹತ್ತು ಮಾಡಿಕೊಡು ಅಂದರು, ಮುಂಗಡ ಕೊಡ್ತೀನಿ ಅಂದವರು ಮತ್ತೆ ಬರಲೇ ಇಲ್ಲ. ನಾನು ಸಾಲ ತೀರಿಸೋಕೆ ಮೋಟಾರು ಮಾರಿದೆ. ಯಂತ್ರ ಹೋದದ್ದಕ್ಕೆ ಅಷ್ಟು ಬೇಜಾರಿಲ್ಲ. ನನ್ನ ಜತೆ ಲೇತ್ ಕೆಲಸ ಮಾಡಿದ ಹುಡುಗ ಬೆಂಗಳೂರಿಗೆ ಹೋಗಿಬಿಟ್ಟ. ಆ ಒತ್ತಡದ ಲೆಕ್ಕ ಅವನ ಕೈಯಲ್ಲಿತ್ತು. ಬರೆದಿಟ್ಟಿರಲಿಲ್ಲ. ಎರಡು ವರ್ಷ ಬಿಟ್ಟು ಮತ್ತೆ ಶುರು ಮಾಡೋಣ ಅಂದರೆ ಸೊನ್ನೆಯಿಂದ ಶುರು ಮಾಡಬೇಕಾಯ್ತು. ಮಾಡ್ಲಿಲ್ಲ.

ವಿಮಾನಪುರ ಟು ಹೊಸನಗರ
ವರದಾಮೂಲದವರೇ, ಗದ್ದೆಯವರ ಪ್ರಶ್ನೆಗೆ ಪೂರ್ತಿ ಉತ್ತರ ನಿಮ್ಮ ಮಾತಲ್ಲಿದೆ. 1ಆರ್ ಆದಮೇಲೆ ಏನು ಬಂತು? ಬಹಳ ವರ್ಷ ಏನೂ ಬರಲಿಲ್ಲ. ಅದೇ ನೋವು.

ಮಾರುತ್ ಮೊದಲು ಹಾರಿದ್ದು 1961. ನಾವೇ ವಿನ್ಯಾಸ ಮಾಡಿದ ಮುಂದಿನ ಯುದ್ಧವಿಮಾನ ತೇಜಸ್ ಹಾರಿದ್ದು 2001ರ ಜನವರಿ 4. ನಡುವೆ ಸುಮಾರು ನಲವತ್ತು ವರ್ಷ. ಇಪ್ಪತ್ತೈದಕ್ಕೆ ಕೆಲಸಕ್ಕೆ ಸೇರಿ ಮಾರುತ್ ಕಟ್ಟಿದವನು ತೇಜಸ್ ಹಾರುವಾಗ ಅರುವತ್ತೈದು. ತೇಜಸ್ ಕೆಲಸ ಶುರುವಾದ ಎಂಬತ್ತರ ದಶಕದಲ್ಲಿ ಹೊಸ ಹುಡುಗರಿಗೆ "ಇದನ್ನ ನಾವು ಹೀಗೆ ಮಾಡಿ ಕೆಟ್ಟಿದ್ವಿ" ಅಂತ ಹೇಳೋ ಮಂದಿ ಎಷ್ಟು ಉಳಿದಿದ್ದರು? 1ಆರ್ ಬಿದ್ದದ್ದು ದುರಂತ. ಆದರೆ ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು ಪ್ರಯೋಗ ಅಂತ ತಂಡವನ್ನ ಒಟ್ಟಿಗೆ ಹಿಡಿದಿಟ್ಟಿದ್ದರೆ ದಾಸ್ ಅವರ ಜೀವಕ್ಕೂ ಬೆಲೆ ಸಿಗ್ತಿತ್ತು. ಎಂಜಿನ್ ಇವತ್ತಿಗೂ ಅದೇ ಕಥೆ. ತೇಜಸ್‌ಗೆ ಅಂತ ನಮ್ಮವರೇ ಮಾಡಿದ ಕಾವೇರಿ ಎಂಜಿನ್ 2010ರಲ್ಲಿ ರಷ್ಯಾದ ದೊಡ್ಡ ಇಲ್ಯೂಷಿನ್ ವಿಮಾನಕ್ಕೆ ಕಟ್ಟಿ ಹಾರಿಸಿ ನೋಡುವಷ್ಟು ಮುಂದೆ ಹೋಯ್ತು, ತೇಜಸ್ ಮಾತ್ರ ಅಮೆರಿಕದ ಎಂಜಿನ್ನಲ್ಲಿ ಹಾರ್ತಿದೆ.

ಗಾಜನೂರು ಗದ್ದೆ
ಇದು ನಾನು ಯೋಚನೆ ಮಾಡದ ದಿಕ್ಕು. ಅಂದರೆ ನೀವು ಹೇಳೋದು, ಮಾಡಿದ್ದು ದಂಡ ಅಲ್ಲ, ನಡುವೆ ಬಿಟ್ಟದ್ದು ದಂಡ ಅಂತ. ಹಾಗಾದರೆ ಬಿಡದೆ ಹಿಡಿದು ಫಲ ಬಂದದ್ದು ನಮ್ಮಲ್ಲಿ ಒಂದಾದರೂ ಇದೆಯಾ?

ನಗರ ಪೇಟೆ
ಇದೆ. ಐರಾವತ. ಎಚ್‌ಎಸ್-748 ಅಂತ ಹಳೇ ಪ್ರಯಾಣಿಕ ವಿಮಾನದ ಬೆನ್ನ ಮೇಲೆ ತಿರುಗುವ ತಟ್ಟೆ ಥರ ರೇಡಾರ್ ಕೂರಿಸಿದ್ದರು, ಆಕಾಶದಿಂದಲೇ ಕಾವಲು ಕಾಯೋಕೆ. 1999ರ ಜನವರಿ 11ಕ್ಕೆ ತಮಿಳುನಾಡಿನ ಅರಕ್ಕೋಣಂ ಹತ್ತಿರ ಬಿತ್ತು. ಎಂಟು ಜನ ಹೋದರು, ಅವರಲ್ಲಿ ವಿಜ್ಞಾನಿಗಳೂ ಇದ್ದರು. ಯೋಜನೆ ನಿಂತಿತು. ಆದರೆ ಆ ಕೆಲಸ ಗೊತ್ತಿದ್ದ ಪ್ರಯೋಗಾಲಯ ಬೆಂಗಳೂರಲ್ಲೇ ಉಳೀತು. ಐದಾರು ವರ್ಷ ಬಿಟ್ಟು ಬ್ರೆಜಿಲಿನ ಎಂಬ್ರಾಯರ್ ವಿಮಾನದ ಮೇಲೆ ಹೊಸ ರೇಡಾರ್ ಕೂರಿಸೋ ಕೆಲಸ ಶುರುವಾಯ್ತು. 2017ರಲ್ಲಿ ಅದೇ ನೇತ್ರ ಅಂತ ವಾಯುಪಡೆಗೆ ಸೇರಿತು.

ಗಾಜನೂರು ಗದ್ದೆ
ಎಂಟು ಜನ. ಅವರ ಹೆಸರು ಯಾವ ರಸ್ತೆಗೂ ಇಲ್ವಲ್ಲ. ನನ್ನ ದಂಡ ಅನ್ನೋ ಮಾತು ವಾಪಸ್ ತಗೊಂಡೆ. ಸಂಕದ ಮಾತು ವಾಪಸ್ ತಗೊಳ್ಳಲ್ಲ.

ಭದ್ರಾವತಿ ಕುಲುಮೆ
ತಗೋಬೇಡಿ. ಅರ್ಜಿ ಬರೀರಿ, ನಾನೂ ಸಹಿ ಹಾಕ್ತೀನಿ.

ಸೋಗಾನೆ ಹತ್ರ
ಮಧ್ಯೆ ಬಂದದ್ದಕ್ಕೆ ಕ್ಷಮೆ ಇರಲಿ. ನಮ್ಮ ಮನೆ ಶಿವಮೊಗ್ಗ ವಿಮಾನ ನಿಲ್ದಾಣದ ಹಿಂದೆ. 2023ರ ಆಗಸ್ಟ್ 31ಕ್ಕೆ ಮೊದಲ ವಿಮಾನ ಬೆಂಗಳೂರಿಂದ ಬಂದಾಗ ಇಡೀ ಊರು ರಸ್ತೆಯಲ್ಲಿತ್ತು. ಮೂರು ಕಿಲೋಮೀಟರಿಗಿಂತ ಉದ್ದದ ರನ್‌ವೇ ಇದೆ. ಇಲ್ಲಿ ಒಂದು ಮಾರುತ್ ತಂದು ಕಟ್ಟೆ ಮೇಲೆ ನಿಲ್ಲಿಸಬಾರದಾ? ನಮ್ಮ ಕಡೆಯಿಂದ ಎಷ್ಟು ಜನ ಎಚ್‌ಎಎಲ್‌ಗೆ ಹೋಗಿ ದುಡಿದಿದಾರೆ.

ತುಂಗಾತೀರ
ಮೊದಲು ಮಂಜಿಗೆ ವಿಮಾನ ವಾಪಸ್ ಹೋಗದ ಹಾಗೆ ನೋಡ್ಲಿ, ಕಟ್ಟೆ ಆಮೇಲೆ.

ಸೋಗಾನೆ ಹತ್ರ
ಎರಡೂ ಬೇಕು. ಒಂದಕ್ಕೊಂದು ಅಡ್ಡ ಬರಲ್ಲ.

ವಿಮಾನಪುರ ಟು ಹೊಸನಗರ
ಬೆಂಗಳೂರಲ್ಲಿ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹೊರಗೆ ಮಾರುತ್ ಇದೆ. ಎಚ್‌ಎಎಲ್‌ನವರದೇ ಮ್ಯೂಸಿಯಂ ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿದೆ. ಅಪ್ಪನ್ನ ಒಂದು ಸಲ ಕರ್ಕೊಂಡು ಹೋಗಿ.

ಗುಡಿಗಾರ ಸೊರಬ
ನಾನು ಕೆತ್ತನೆ ಕೆಲಸದವನು, ವಿಮಾನ ಅಷ್ಟು ಗೊತ್ತಿಲ್ಲ. ಒಂದು ಕೇಳಿದ್ದೆ, ಮಾರುತ್ ಮಾಡೋ ಮುಂಚೆ ಮರದಲ್ಲೇ ಪೂರ್ತಿ ಅಳತೆಯ ವಿಮಾನ ಮಾಡಿ ಹಾರಿಸಿದ್ದರು ಅಂತ. ನಿಜವಾ?

ವಿಮಾನಪುರ ಟು ಹೊಸನಗರ
ಪೂರ್ತಿ ನಿಜ. ಎಚ್‌ಎಫ್-001 ಅಂತ ಅದಕ್ಕೆ. ಎಂಜಿನ್ ಇಲ್ಲದ ಮರದ ಗ್ಲೈಡರ್, ಅಳತೆ ಮಾತ್ರ ಮಾರುತ್ತಿಂದೇ. 1959ರಲ್ಲಿ ಡಕೋಟ ವಿಮಾನಕ್ಕೆ ಹಗ್ಗ ಕಟ್ಟಿ ಎಳೆದು ಮೇಲೆ ಬಿಡ್ತಿದ್ದರು. ರೆಕ್ಕೆ ಹೇಗೆ ವರ್ತಿಸ್ತದೆ, ಇಳಿಯುವಾಗ ಹೇಗೆ ತೂಗ್ತದೆ ಅಂತ ನೋಡೋಕೆ. ಲೋಹದ್ದನ್ನ ಮಾಡೋಕೆ ಮುಂಚೆ ಬಡಗಿಗಳ ಕೈ ಆಗಿತ್ತು ಅದು. ಅಷ್ಟೇ ಅಲ್ಲ, ಎಚ್‌ಎಎಲ್ ತಾನೇ ವಿನ್ಯಾಸ ಮಾಡಿದ ಮೊಟ್ಟಮೊದಲ ವಿಮಾನವೂ ಗ್ಲೈಡರೇ. ಜಿ-1 ಅಂತ, ನಲವತ್ತರ ದಶಕದ ಆರಂಭದಲ್ಲಿ, ಘಾಟಗೆ ಅವರ ವಿನ್ಯಾಸ. ಒಂದೇ ಮಾಡಿದ್ದು.

ಗುಡಿಗಾರ ಸೊರಬ
ಮರದ ವಿಮಾನದ ಮೇಲೆ ಮನುಷ್ಯ ಕೂತು ಹಾರಿದ್ನಾ! ಅದನ್ನ ಕೆತ್ತಿದವರ ಕೈಗೆ ನಮಸ್ಕಾರ.

ನಗರ ಪೇಟೆ
ಮರದ್ದು ಅಂದರೆ ಅಮೆರಿಕದ ಹ್ಯೂಸ್ ಎಚ್-4 ನೋಡಬೇಕು. ಸೈನಿಕರನ್ನ ಸಾಗಿಸೋಕೆ ಅಂತ ಮಾಡಿದ ಎಂಟು ಎಂಜಿನ್ನಿನ ದೈತ್ಯ, ಬಹುಪಾಲು ಬರ್ಚ್ ಮರ. ತಯಾರಾಗೋ ಹೊತ್ತಿಗೆ ಯುದ್ಧವೇ ಮುಗಿದಿತ್ತು. 1947ರ ನವೆಂಬರ್ 2ಕ್ಕೆ ನೀರಿನ ಮೇಲೆ ಸುಮಾರು ಒಂದು ಮೈಲಿ ಹಾರಿತು, ಮತ್ತೆ ಏಳಲಿಲ್ಲ.

ಮಂಡಗದ್ದೆ ಮನೆ
ಎಲ್ಲರಿಗೂ ಕೈ ಮುಗೀತೀನಿ. ನಿನ್ನೆ ಸಂಜೆ ಮಗಳು ಇದನ್ನೆಲ್ಲ ಅಜ್ಜನಿಗೆ ಓದಿ ಹೇಳಿದಳು. ದಾಸ್ ಅವರ ಹೆಸರು ಬಂದಾಗ "ಇನ್ನೊಂದು ಸಲ ಓದು" ಅಂದರು. ಓದಿದಳು. ಆಮೇಲೆ ಅವರಾಗೇ ಮಾತಾಡಿದರು, ರಾತ್ರಿ ಹನ್ನೊಂದರವರೆಗೆ. ಆ ವಿಮಾನದ ಹಿಂಬದಿಯ ತಗಡು ಕೂರಿಸಿದ ತಂಡದಲ್ಲಿ ಇವರೇ ಎಲ್ಲರಿಗಿಂತ ಚಿಕ್ಕವರಂತೆ. ಬಿತ್ತು ಅಂತ ಸುದ್ದಿ ಬಂದ ಮೇಲೆ ಶಾಪಿನಲ್ಲಿ ಯಾರೂ ಸುತ್ತಿಗೆ ಮುಟ್ಟಲಿಲ್ಲ. ನಾನು ಬಿಗಿದ ರಿವೆಟ್ಟೇ ಬಿಟ್ಟಿತಾ ಅಂತ ಆ ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಮಾಡಿಲ್ಲವಂತೆ. ಎಷ್ಟೋ ವರ್ಷ ಅದೇ ಯೋಚನೆ. ನಮಗೆ ಒಬ್ಬರಿಗೂ ಹೇಳಿರಲಿಲ್ಲ. ಅಮ್ಮನಿಗೂ.

ಮರದ ಗ್ಲೈಡರ್ ಬಗ್ಗೆ ಕೇಳಿದ್ದಕ್ಕೆ, ತಾನು ಸೇರುವ ಮುಂಚಿನ ಮಾತು, ಆದರೆ ಅದರಲ್ಲಿ ಕೆಲಸ ಮಾಡಿದ ಬಡಗಿಗಳು ಇನ್ನೂ ಶಾಪಿನಲ್ಲಿದ್ದರು, ಅವರ ಉಳಿ ಹಿಡಿಯೋ ಕೈ ನೋಡೇ ಲೋಹಕ್ಕೆ ಅರ ಹಿಡಿಯೋದು ಕಲಿತೆ ಅಂದರು.

ಮುಂದಿನ ತಿಂಗಳು ಕೊನೆಕೊಯ್ಲು ಶುರುವಾಗೋ ಮುಂಚೆ ಕಸ್ತೂರ್ಬಾ ರಸ್ತೆಗೆ ಕರ್ಕೊಂಡು ಹೋಗ್ತೀವಿ. ಗುಡಿಗಾರರೇ, ಒಂದು ಕೇಳಿಕೆ. ಮಗಳ ಸೆಮಿನಾರಿಗೆ ಒಂದು ಮೊಳ ಉದ್ದದ ಎಚ್‌ಎಫ್-001 ಮಾದರಿ ಮಾಡಬೇಕು. ಅಪ್ಪ ಅಳತೆ ಹೇಳ್ತಾರೆ. ಯಾವ ಮರ ಆದೀತು?

ಗುಡಿಗಾರ ಸೊರಬ
ಶಿವನೆ ಮರ. ಹಗುರ, ಸೀಳಲ್ಲ, ಉಳಿಗೆ ಚೆನ್ನಾಗಿ ಒಗ್ತದೆ. ಒಣಗಿದ ತುಂಡು ನನ್ನ ಹತ್ರ ಇದೆ, ದುಡ್ಡು ಬೇಡ. ಮಗಳೂ ಬರಲಿ, ರೆಕ್ಕೆ ಅವಳೇ ಕೆತ್ತಲಿ. ಅಪ್ಪನ್ನೂ ಕರ್ಕೊಂಡು ಬನ್ನಿ.